ಗಾಯರಾಣದ ನಾಲ್ಕು ಬೆರಳು ಮಣ್ಣು

ನನ್ನ ಗಂಡನ ಅಕ್ಕ ಚಿತ್ತಾಪುರದ ತನ್ನ ಗಂಡನ ಮನೆ ಬಿಟ್ಟು ಬಂದಾಗ ಒಂದು ಟ್ರಂಕಿನ ಜೊತೆ ಒಂದು ಆಕಳನ್ನೂ ತಂದಿದ್ದಳು. ಆಕಳನ್ನು ಟೆಂಪೋದಲ್ಲಿ ಹತ್ತಿಸಿ, ಅದು ಬೀಳದ ಹಾಗೆ ಹಗ್ಗ ಹಿಡಿದು ತಾನೂ ದಾರಿಯುದ್ದಕ್ಕೂ ಹಿಂದೆ ನಿಂತುಕೊಂಡೇ ಬಂದಳಂತೆ. ತವರಿನಿಂದ ಕೊಟ್ಟ ಆಕಳು ಹಾಕಿದ ಕರು ಅದು, ದೊಡ್ಡದಾಗಿತ್ತು. "ಇದು ನಮ್ಮ ಮನಿದು. ಅಲ್ಲಿ ಯಾಕ ಬಿಡ್ಲಿ?" ಅಂದಳು. ಗಂಡನ ಬಗ್ಗೆ ಆಗಲೂ ಏನೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಮಕ್ಕಳಿರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಗಂಡ ಟ್ರಂಕು ಒಳಗಿಟ್ಟ, ನಾನು ಆಕಳಿಗೆ ನೀರು ಕುಡಿಸಿದೆ. ಅಷ್ಟರಲ್ಲಿ ಅವಳು ಕೊಟ್ಟಿಗೆ ಕಸ ಹೊಡೆಯತೊಡಗಿದ್ದಳು.

ನಮ್ಮೂರು ಸೇಡಂನಿಂದ ಚಿಂಚೋಳಿಗೆ ಹೋಗುವ ರಸ್ತೆಯಿಂದ ಒಳಗಿದೆ. ನಾನು ನಾಲವಾರದವಳು. ರೈಲಿನ ಸದ್ದು ಕೇಳುತ್ತ ಬೆಳೆದವಳಿಗೆ ಇಲ್ಲಿಗೆ ಬಂದ ಹೊಸದರಲ್ಲಿ ಕಿವಿ ಖಾಲಿಯಾದಂತೆ ಅನಿಸುತ್ತಿತ್ತು. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಹಾಗಾಗಿ ಹೊಲ, ದನ ಎರಡೂ ನನ್ನ ಪಾಲಿಗೆ ಬಂದಿದ್ದವು. ಅಕ್ಕ ಬಂದ ಮೇಲೆ ಕೆಲಸ ಹಂಚಿಹೋಯಿತು. ಹೊಲ ನನ್ನದು, ದನ ಅವಳದು.

ಊರ ಬಡಗಣಕ್ಕೆ ಗಾಯರಾಣ ಇದೆ. ಊರ ದನ ಮೇಯಲಿ ಅಂತ ಹಿಂದಿನಿಂದ ಬಿಟ್ಟ ಸರಕಾರಿ ಜಮೀನು. ನಾನು ಬಂದಾಗ ಅದು ಹೆಸರಿಗಷ್ಟೇ ಹುಲ್ಲುಗಾವಲು. ಅಲ್ಲಲ್ಲಿ ಪರಸಿ, ಅಂದರೆ ಹಾಸುಗಲ್ಲಿನ ಬಂಡೆ ಎದ್ದು ಕಾಣುತ್ತಿತ್ತು, ಅದರ ಸುತ್ತ ಬೂದಿ ಬಣ್ಣದ ಮಣ್ಣು, ಜಾಲಿ ಗಿಡ. ಮಳೆಗಾಲದಲ್ಲಿ ಹಸಿರು ಮೊಳೆತರೆ ಬೆರಳುದ್ದ ಆಗುವ ಮೊದಲೇ ದನಗಳು ಕಿತ್ತು ತಿನ್ನುತ್ತಿದ್ದವು. ಪ್ರತಿ ಮನೆಯವರೂ ಮುಂಜಾನೆ ದನ ಬಿಡುವುದು, ಅವು ಮನಸ್ಸಿಗೆ ಬಂದ ಕಡೆ ತಿರುಗಿ ಸಂಜೆ ಹೊಟ್ಟೆ ತುಂಬದೆ ಮನೆಗೆ ಬರುವುದು, ಇದೇ ನಡೆದಿತ್ತು. ಮಳೆ ಬಿದ್ದರೆ ನೀರು ಅಲ್ಲಿ ನಿಲ್ಲುತ್ತಿರಲಿಲ್ಲ. ಇಳಿಜಾರಿನ ಕೆಳಗೆ ಊರ ಹಿರಿಯನೊಬ್ಬನ ತೊಗರಿ ಹೊಲ. ಗಾಯರಾಣದ ಕೆಸರುನೀರು ವರ್ಷವೂ ಅವನ ಹೊಲ ಕೊರೆಯುತ್ತಿತ್ತು. ಊರಲ್ಲಿ ಎಲ್ಲರಿಗಿಂತ ಹೆಚ್ಚು ಆಕಳುಗಳಿದ್ದುದೂ ಅವನ ಮನೆಯಲ್ಲೇ. ಊರ ಸಂಬಂಧದಲ್ಲಿ ನನ್ನ ಮಾವನಿಗೆ ತಮ್ಮನಾಗಬೇಕು. ನಾವೆಲ್ಲ ಅವನಿಗೆ ಕಾಕಾ ಅನ್ನುತ್ತೇವೆ.

ಕೊರೊನಾ ಬರುವುದಕ್ಕೆ ಒಂದೆರಡು ವರ್ಷ ಮುಂಚೆ, ಅಕ್ಕ ಆಧಾರ್ ಕಾರ್ಡಿನಲ್ಲಿ ವಿಳಾಸ ಬದಲಿಸಲು ಚಿಂಚೋಳಿ ಪಕ್ಕದ ಚಂದಾಪುರಕ್ಕೆ ಹೋಗಿದ್ದಳು. ಅಂದು ಸರ್ವರ್ ಇರಲಿಲ್ಲ. ಕಾಯುತ್ತ ಕೂತವಳು ಪಕ್ಕದ ಸಭಾಂಗಣದಲ್ಲಿ ರೈತರಿಗೆ ತರಬೇತಿ ನಡೆದದ್ದು ಕಂಡು ಒಳಗೆ ಹೋಗಿ ಕೂತಿದ್ದಾಳೆ. ಸಂಜೆ ಬಂದವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ತಮ್ಮನಿಗೆ ಹೇಳಿದಳು:

"ಇವತ್ತ ಒಂದ್ ಮಾತ ಕೇಳಿ ಬಂದೀನಿ. ದನಾ ಮೇದ್ರ ನೆಲ ಹಾಳಾಗ್ತದ ಅಂತಾರಲ್ಲ, ಅದು ಸುಳ್ಳಂತ. ಮೇಯ್ಸೋದು ಗೊತ್ತಿಲ್ದಿದ್ರ ಹಾಳಾಗ್ತದ, ಗೊತ್ತಿದ್ರ ಬೆಳೀತದ."

"ಅವ್ರಿಗೇನಕ್ಕಾ, ಹೇಳಿ ಊಟ ಮಾಡಿ ಹೋಗ್ತಾರ."

"ಊಟ ನಾನೂ ಮಾಡೀನಿ. ಭಾಳ ಛಲೋ ಇತ್ತು."

ಆಮೇಲೆ ಅವಳು ವಿವರಿಸಿದ್ದು ಇಷ್ಟು. ಊರ ದನವನ್ನೆಲ್ಲ ಒಂದೇ ಹಿಂಡು ಮಾಡಬೇಕು. ಗಾಯರಾಣವನ್ನು ತುಕಡಿ ತುಕಡಿ ಮಾಡಬೇಕು. ಒಂದು ತುಕಡಿಯಲ್ಲಿ ಹಿಂಡು ಒತ್ತೊತ್ತಾಗಿ ಒಂದು ದಿನ ಮೇಯಬೇಕು, ತುಳಿಯಬೇಕು, ಸಗಣಿ ಗಂಜಲ ಹಾಕಬೇಕು. ಮರುದಿನ ಮುಂದಿನ ತುಕಡಿಗೆ. ಮೇಯ್ದ ತುಕಡಿಗೆ ಹುಲ್ಲು ಪೂರಾ ಚಿಗುರಿ ಎದ್ದು ನಿಲ್ಲುವವರೆಗೆ ಒಂದು ಕರುವೂ ಕಾಲಿಡಬಾರದು. ಹುಲ್ಲು ಗಾಳಿಯಲ್ಲಿನ ಇಂಗಾಲ ಎಳೆದುಕೊಂಡು ಬೇರಿಗೆ ಇಳಿಸುತ್ತದೆ. ಮೇಲೆ ದನ ಕಚ್ಚಿದಾಗ ಕೆಳಗೆ ಬೇರಿನಲ್ಲಿ ಒಂದಿಷ್ಟು ಸತ್ತು ಮಣ್ಣಾಗುತ್ತದೆ, ಮತ್ತೆ ಹೊಸ ಬೇರು ಬರುತ್ತದೆ. ಹಾಗೆ ಮಾಡಿ ಮಾಡಿ ಮಣ್ಣು ಕಪ್ಪಾಗುತ್ತದೆ, ನೀರು ಹಿಡಿಯುತ್ತದೆ.

"ನಿಮ್ಮ ಫ್ಯಾಕ್ಟರಿ ಚಿಮಣಿಯೊಳಗಿಂದ ಹೋಗ್ತದಲ್ಲ ಹೊಗಿ," ಎಂದು ತಮ್ಮನ ಮುಖ ನೋಡಿದಳು, "ಅದನ್ನ ನಾವು ನೆಲದಾಗ ಹೂಳೋದು."

ಅವನು ನಕ್ಕ. ಪಾಳಿಗೆ ಹೊತ್ತಾಯಿತೆಂದು ಎದ್ದುಹೋದ.

ಊರವರೂ ನಕ್ಕರು. ಅಕ್ಕ ಮನೆ ಮನೆಗೆ ಹೋಗಿ ಕೂತಳು. ಗಂಡಸರು ಕೇಳದಿದ್ದರೆ ಅಡುಗೆ ಮನೆಗೆ ಹೋಗಿ ಹೆಂಗಸರಿಗೆ ಹೇಳಿದಳು. ದನ ಕಾಯುವ ಕೆಲಸ ನಾನು ನೋಡಿಕೊಳ್ಳುತ್ತೇನೆ, ನೀವು ಮುಂಜಾನೆ ಬಿಟ್ಟರೆ ಸಾಕು ಅಂದದ್ದಕ್ಕೆ ಕೆಲವರು ಒಪ್ಪಿದರು. ಹತ್ತು ಹನ್ನೆರಡು ಮನೆ ಸೇರಿದವು. ಕಾಕಾ ಮಾತ್ರ ಒಪ್ಪಲಿಲ್ಲ. "ದನಾ ಜೇಲಿನ್ಯಾಗ ಹಾಕಾಕತ್ತಾಳ ನಮ್ಮ ಹುಡುಗಿ" ಎಂದು ಕಟ್ಟೆಯ ಮೇಲೆ ಕೂತು ಹೇಳಿ ಜನರನ್ನು ನಗಿಸಿದ.

ಮೊದಲ ವರ್ಷದ ಕಷ್ಟ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಜಾಲಿ ಮುಳ್ಳು ಕಡಿದು ತಂದು ನಾವಿಬ್ಬರೇ ತುಕಡಿಗಳಿಗೆ ಬೇಲಿ ಹಾಕಿದೆವು. ಅಕ್ಕನ ಅಂಗೈ ಸಂಜೆಗೆ ಜರಡಿಯಂತಾಗಿರುತ್ತಿತ್ತು. ಬೇರೆ ಬೇರೆ ಮನೆಯ ದನಗಳು ಹಾಯ್ದಾಡುತ್ತಿದ್ದವು. ಹಿಂಡಿಗೆ ಸೇರದವರು ತಮ್ಮ ದನವನ್ನು ನಾವು ಬಿಟ್ಟ ತುಕಡಿಗೆ ನುಗ್ಗಿಸುತ್ತಿದ್ದರು, ಕೇಳಿದರೆ ಜಗಳ. ಹುಲ್ಲೇನೂ ಅಂಥ ಬರಲಿಲ್ಲ. ನನಗೆ ಒಳಗೊಳಗೇ ಸಾಕಾಗಿತ್ತು. ಅಕ್ಕನಿಗೆ ಹೇಳಲು ಧೈರ್ಯ ಬರಲಿಲ್ಲ. ಚಿತ್ತಾಪುರದಲ್ಲಿ ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲವೆಂದು ಕಾಣುತ್ತದೆ. ಇಲ್ಲಿ ಅವಳು ಹಿಡಿದದ್ದನ್ನು ಬಿಡುವಂತೆ ಕಾಣಲಿಲ್ಲ.

ಎರಡನೆಯ ಮಳೆಗಾಲಕ್ಕೆ ಕರಿಕೆ ಹುಲ್ಲು ಹಬ್ಬಿತು. ಬೀಜ ಯಾರೂ ಹಾಕದಿದ್ದರೂ ಮೊಣಕಾಲೆತ್ತರದ ಹುಲ್ಲು ಬಂಡೆಗಳ ಸಂದಿಯಿಂದ ಎದ್ದಿತು. ಸಗಣಿ ಬಿದ್ದ ಗಳಿಗೆಯಲ್ಲೇ ಕರಿ ಹುಳುಗಳು ಬಂದು ಅದನ್ನು ಉಂಡೆ ಮಾಡಿ ನೆಲದೊಳಗೆ ಎಳೆಯುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಲಾಕ್‌ಡೌನ್ ಬಂದಾಗ ಹೊರಗೆ ದುಡಿಯುತ್ತಿದ್ದ ಗಂಡಸರೆಲ್ಲ ಊರಲ್ಲೇ ಉಳಿದರು. ಹೊತ್ತು ಹೋಗದೆ ಬೇಲಿ ಹಾಕಲು ಬಂದರು. ನನ್ನ ಗಂಡನೂ ಬಂದ. ಅಕ್ಕ ಅವರಿಗೆಲ್ಲ ಮೇಸ್ತ್ರಿಯಂತೆ ಹುಕುಂ ಕೊಡುತ್ತಿದ್ದಳು.

ಕಾಕಾ ಬದಲಾದದ್ದು ಒಂದು ಮಳೆಯಲ್ಲಿ. ಮಧ್ಯಾಹ್ನವೆಲ್ಲ ಜೋರಾಗಿ ಸುರಿದು ನಿಂತಿತ್ತು. ನಾನೂ ಅಕ್ಕನೂ ದನ ಹೊಡೆದುಕೊಂಡು ಇಳಿಯುವಾಗ ಅವನು ತನ್ನ ಹೊಲದ ಬದುವಿನಲ್ಲಿ ಧೋತರ ಮೇಲೆತ್ತಿ ನಿಂತಿದ್ದ. ಗಾಯರಾಣದಿಂದ ಹರಿದು ಬರುವ ನೀರು ಅವನ ಕಾಲ ಕೆಳಗೆ ಹೋಗುತ್ತಿತ್ತು. ಬಗ್ಗಿ ಬೊಗಸೆಯಲ್ಲಿ ತೆಗೆದುಕೊಂಡು ನೋಡಿದ. ನೀರು ತಿಳಿಯಾಗಿತ್ತು, ಸ್ವಲ್ಪವೇ ಇತ್ತು.

"ಉಳಿದ ನೀರ ಎಲ್ಲಿ ಹೋಯ್ತವಾ?" ಎಂದು ಕೇಳಿದ.

"ಮ್ಯಾಲೇ ಇಂಗ್ಯಾದ್ರಿ ಕಾಕಾ."

ಅವನು ಮರುದಿನ ತನ್ನ ಆಕಳುಗಳನ್ನೆಲ್ಲ ತಾನೇ ಹೊಡೆದುಕೊಂಡು ಬಂದು ಹಿಂಡಿಗೆ ಬಿಟ್ಟ. ಮುಂದೆ ಎರಡು ವರ್ಷ ಅವನಿಗಿಂತ ಕಟ್ಟುನಿಟ್ಟಿನ ಮನುಷ್ಯ ಇರಲಿಲ್ಲ. ಬಿಟ್ಟ ತುಕಡಿಗೆ ಯಾರದಾದರೂ ದನ ನುಗ್ಗಿದರೆ ಬಡಿಗೆ ಹಿಡಿದು ಅವರ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದ. ತೊಗರಿ ಕಿತ್ತ ಮೇಲೆ ಹಿಂಡನ್ನು ಗೊಬ್ಬರಕ್ಕೆಂದು ಸರದಿಯ ಮೇಲೆ ಜನರ ಹೊಲಗಳಲ್ಲೂ ನಿಲ್ಲಿಸತೊಡಗಿದೆವು. ಮೊದಲು ನನ್ನ ಹೊಲಕ್ಕೆ, ಮೊದಲು ನನ್ನ ಹೊಲಕ್ಕೆ ಎಂದು ಜನ ಅಕ್ಕನಿಗೆ ದುಂಬಾಲು ಬೀಳುತ್ತಿದ್ದರು. ಅವಳು ಆ ದಿನಗಳಲ್ಲಿ ಹೇಗಿದ್ದಳೆಂದರೆ, ನಡೆಯುವಾಗ ತೋಳು ಬೀಸಿ ನಡೆಯುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದವಳು ಅಂತ ಊರಲ್ಲಿ ಯಾರೂ ಅನ್ನುತ್ತಿರಲಿಲ್ಲ.

ಆಮೇಲೆ ಗಂಟಿನ ಬೇನೆ ಬಂತು.

ಬೀದರ ಕಡೆ ದನಗಳಿಗೆ ಮೈತುಂಬ ಗಂಟು ಏಳುತ್ತಿವೆಯೆಂದು ಟೀವಿಯಲ್ಲಿ ತೋರಿಸುತ್ತಿದ್ದರು. ಬೀದರ ನಮಗೆ ದೂರವೇನಲ್ಲ, ಆದರೂ ಟೀವಿಯಲ್ಲಿ ಬಂದದ್ದು ದೂರವೇ ಅನಿಸುತ್ತದೆ. ಮಳೆಗಾಲದ ಕೊನೆ ಇರಬೇಕು, ನೊಣ ಸೊಳ್ಳೆ ಭಾಳ ಇದ್ದವು. ಒಂದು ಮುಂಜಾನೆ ಊರ ಬಾವಿಯ ಹತ್ತಿರ ಹಿಂಡು ಕೂಡುವಾಗ ನಾನೂ ಇದ್ದೆ. ಕಾಕಾ ತನ್ನ ದನ ತಂದ. ಅವನ ಕೆಂದ ಆಕಳು ತಲೆ ತಗ್ಗಿಸಿಕೊಂಡು ಹಿಂದೆ ಬರುತ್ತಿತ್ತು. ಅಕ್ಕ ಅದರ ಕುತ್ತಿಗೆ ಮೇಲೆ ಕೈಯಾಡಿಸಿದಳು. ಭುಜದ ಹತ್ತಿರ ಕೈ ನಿಂತಿತು.

"ಕಾಕಾ, ಇಲ್ಲಿ ಏನಾಗ್ಯಾದ ನೋಡ್ರಿ. ಮೈನೂ ಬಿಸಿ ಅದ. ಇವತ್ತ ಇದನ್ನ ಮನ್ಯಾಗ ಕಟ್ರಿ."

"ಬೇಲಿ ಮುಳ್ಳ ಚುಚ್ಚ್ಯಾವ. ನಿನ್ನೆ ಅರಿಶಿಣ ಹಚ್ಚೀನಿ."

"ಮುಳ್ಳ ಆದ್ರ ಎರಡೂ ಬಾಜೂ ಆಗ್ತಾವೇನ್ರಿ? ಮನ್ಯಾಗ ಕಟ್ರಿ."

"ಮನ್ಯಾಗ ಕಟ್ಟಿದ್ರ ಮೇವ ಎಲ್ಲಿಂದ ತರ್ಲಿ? ಇಷ್ಟ ದಿನಾ ಇಲ್ದ ಹುಷಾರಿ ಇವತ್ತ ಯಾಕ? ನಡಿ ನಡಿ, ಹೊತ್ತ ಏರಾಕತ್ಯಾದ."

ಅಕ್ಕ ಒಂದು ಗಳಿಗೆ ಆಕಳ ಮೇಲೆ ಕೈಯಿಟ್ಟುಕೊಂಡೇ ನಿಂತಳು. ನನ್ನ ಕಡೆ ನೋಡಿದಳು. ನನಗೇನು ಗೊತ್ತು? ಮುಳ್ಳೇ ಇರಬಹುದು ಅನಿಸಿತು. ಅವಳಿಗೂ ಹಾಗೇ ಅನಿಸಬೇಕೆಂದು ಆಸೆ ಇತ್ತೋ ಏನೋ. ಆಮೇಲೆ ಹಿಂಡಿಗೆ ಹೋ ಅಂದಳು. ಕೆಂದ ಆಕಳು ಎಲ್ಲದರ ನಡುವೆ ಸೇರಿ ಹೋಯಿತು.

ಹತ್ತು ದಿನ ಕಳೆದಿತ್ತೋ ಇಲ್ಲವೋ, ಮೂರು ಮನೆಯ ದನಗಳಿಗೆ ಜ್ವರ. ಮೈಮೇಲೆ ಚೆಂಡು ಹೂವಿನಷ್ಟು ದಪ್ಪ ಗಂಟುಗಳು. ನನ್ನ ಗಂಡ ಸೇಡಂಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದ. ಆ ಡಾಕ್ಟರು ಎಷ್ಟು ಊರು ತಿರುಗಿ ಬಂದಿದ್ದರೋ, ಕಣ್ಣು ಕೆಂಪಾಗಿದ್ದವು, ಅಂಗಿಯ ತುಂಬ ಔಷಧಿಯ ಕಲೆ. ಒಂದೊಂದೇ ಕೊಟ್ಟಿಗೆ ನೋಡಿದರು. ಕೊನೆಗೆ ಬಾವಿಯ ಹತ್ತಿರ ನಿಂತು ಕೇಳಿದರು:

"ಇವೆಲ್ಲ ಕೂಡೇ ಮೇಯ್ತಾವೇನ್ರಿ?"

"ಹೌದ್ರಿ ಸಾಹೇಬ್ರ," ಎಂದಳು ಅಕ್ಕ.

"ಒಂದೇ ಕಡೆ ನೀರ ಕುಡೀತಾವ?"

"ಹೌದ್ರಿ."

"ಇವತ್ತಿಂದ ಬಂದ್ ಮಾಡ್ರಿ. ಯಾರ ದನಾ ಅವರ ಮನ್ಯಾಗ. ನೊಣಾ, ಸೊಳ್ಳಿ ಹೊತ್ಕೊಂಡ ತಿರಗ್ತಾವ ಇದನ್ನ. ಒಂದಕ್ಕೊಂದು ಹತ್ತಿ ನಿಂತ್ರ ಜಲ್ದಿ ಹರಡ್ತದ."

ಬೈಯಲಿಲ್ಲ, ಬೆರಳು ಮಾಡಿ ತೋರಿಸಲೂ ಇಲ್ಲ. ಅಕ್ಕನ ಮುಖ ಮಾತ್ರ ಆಗಲೇ ಬದಲಾಗಿತ್ತು. ಆ ಮಧ್ಯಾಹ್ನವೇ ಮೇಯುತ್ತಿದ್ದ ಹಿಂಡನ್ನು ಅರ್ಧಕ್ಕೆ ತಂದು ಮನೆಮನೆಗೆ ಬಿಟ್ಟಳು. ಗಂಟಿಲ್ಲದ ದನಗಳಿಗೆ ಡಾಕ್ಟರು ಸೂಜಿ ಹಾಕಿದರು. ಕೆಲವಕ್ಕೆ ಬೇನೆ ಆಗಲೇ ಒಳಗೆ ಸೇರಿತ್ತೆಂದು ಕಾಣುತ್ತದೆ.

ಅಂಥ ದಿನಗಳು ಮತ್ತೆ ಬರುವುದು ಬೇಡ. ಸಂಜೆಯಾದರೆ ಎಲ್ಲ ಕೊಟ್ಟಿಗೆಗಳಲ್ಲೂ ಬೇವಿನ ಸೊಪ್ಪಿನ ಹೊಗೆ. ಗಂಟುಗಳು ಒಡೆದು ಮೈತುಂಬ ಕುಳಿ ಬಿದ್ದವು. ಕಾಲು ಬಾತು ಕಂಬದಂತಾಗಿ ದನಗಳು ಮಲಗಲಾರದೆ ನಿಂತೇ ಇರುತ್ತಿದ್ದವು. ಬಾಯೊಳಗೂ ಹುಣ್ಣು, ಎದುರಿಗೆ ಹಸಿ ಹುಲ್ಲು ಇದ್ದರೂ ಮೂಸಿ ಮುಖ ತಿರುಗಿಸುತ್ತಿದ್ದವು. ಎಮ್ಮೆಗಳಿಗೆ ಏನೂ ಆಗಲಿಲ್ಲ. ನಮ್ಮ ಎರಡು ಎಮ್ಮೆಗಳು ಮೆಲುಕು ಹಾಕುತ್ತ ಪಕ್ಕದಲ್ಲೇ ನಿಂತಿದ್ದವು. ಕರುಗಳು ಮೊದಲು ಸತ್ತವು.

ಅಕ್ಕ ಚಿತ್ತಾಪುರದಿಂದ ತಂದ ಆಕಳಿಗೂ ಬಂತು. ಅವಳು ಅದಕ್ಕೆ ಮಾಡದ ಆರೈಕೆ ಇಲ್ಲ. ಬೇವಿನ ನೀರಿನಿಂದ ಹುಣ್ಣು ತೊಳೆಯುವಳು, ಅರಿಶಿಣ ಕೊಬ್ಬರಿ ಎಣ್ಣೆ ಹಚ್ಚುವಳು, ಹಳೆಯ ಸೀರೆ ಹರಿದು ನೊಣ ಕೂಡದ ಹಾಗೆ ಹೊದಿಸುವಳು. ಜೋಳದ ಅಂಬಲಿಯಲ್ಲಿ ಬೆಲ್ಲ ಕಲಸಿ ಬಿದಿರಿನ ಗೊಟ್ಟದಿಂದ ಕುಡಿಸುವಾಗ ನಾನು ಅದರ ಬಾಯಿ ಹಿಡಿದಿರುತ್ತಿದ್ದೆ. ಅರ್ಧ ಒಳಗೆ, ಅರ್ಧ ನಮ್ಮ ಕೈಮೇಲೆ. ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಕೊಟ್ಟಿಗೆಯಲ್ಲಿ ದೊಪ್ಪನೆ ಬಿದ್ದ ಸದ್ದಾಯಿತು. ಅಕ್ಕ ಏಳಲಿಲ್ಲ. ತಾಟಿನಲ್ಲಿದ್ದ ರೊಟ್ಟಿಯ ಉಳಿದ ತುಂಡು ತಿಂದು ಮುಗಿಸಿದಳು, ಕೈ ತೊಳೆದಳು, ಆಮೇಲೆ ಹೋದಳು. ನಾನು ಹಿಂದೆ ಹೋಗಿ ನೋಡಿದಾಗ ಅದರ ಕೊಂಬಿಗೆ ಸಿಕ್ಕಿದ್ದ ಹಗ್ಗ ಬಿಡಿಸುತ್ತಿದ್ದಳು.

ಸತ್ತವನ್ನು ಹೊರಗೆ ಎಸೆಯಬಾರದು, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು ಎಂದು ಡಾಕ್ಟರು ಹೇಳಿದ್ದರು. ಎಲ್ಲಿ ಹೂಳುವುದು? ಹೊಲದಲ್ಲಿ ಯಾರೂ ಒಪ್ಪಲಿಲ್ಲ. ಉಳಿದದ್ದು ಗಾಯರಾಣ. ಊರವರು ಜೆಸಿಬಿ ತರಿಸಿದರು. ಮೇಲಿನ ತುಕಡಿಗಳಲ್ಲಿ ಒಂದು ಮೊಳ ಅಗೆದರೆ ಪರಸಿ ಬಂಡೆ ಕಣಕಣ ಅನ್ನುತ್ತಿತ್ತು. ಅಲ್ಲಿ ಇಲ್ಲಿ ನೋಡಿ ಕೊನೆಗೆ ಇಳಿಜಾರಿನ ಕೆಳಗಿನ ತುಕಡಿಗೆ ಬಂದರು. ಮಣ್ಣು ಆಳವಾಗಿದ್ದದ್ದು ಅದೊಂದೇ ಕಡೆ. ಎಲ್ಲಕ್ಕಿಂತ ಛಲೋ ಹುಲ್ಲು ಬಂದಿದ್ದೂ ಅಲ್ಲೇ. ಹಿಂಡು ಕೂಡಿಸುವುದು ನಿಂತ ಮೇಲೆ ಮೇಯುವವರಿಲ್ಲದೆ ಅದು ಸೊಂಟದವರೆಗೆ ಬೆಳೆದು ತೆನೆ ತೂಗುತ್ತಿತ್ತು. ಜೆಸಿಬಿ ಅದರ ಮೇಲೆಯೇ ಹೋಯಿತು.

ಗುಂಡಿ ಆದ ಮೇಲೆ ಅಕ್ಕ ಅಂಚಿಗೆ ಹೋಗಿ ನಿಂತಳು. ಅವಳು ಜಾರಿಬಿದ್ದಾಳು ಎಂದು ನಾನು ತೋಳು ಹಿಡಿದುಕೊಂಡೆ. ಅವಳು ಗುಂಡಿಯ ಗೋಡೆ ನೋಡುತ್ತಿದ್ದಳು. ಮೇಲಿನ ನಾಲ್ಕು ಬೆರಳಿನಷ್ಟು ಮಣ್ಣು ಕಪ್ಪಗೆ, ಎಣ್ಣೆ ಸವರಿದಂತೆ ಇತ್ತು. ಅದರಿಂದ ಬಿಳಿ ಬೇರುಗಳು ಕೂದಲಿನಂತೆ ಜೋತಾಡುತ್ತಿದ್ದವು. ಅದರ ಕೆಳಗೆ ಮೊದಲಿನ ಬೂದಿ ಬಣ್ಣ. ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತಿತ್ತು. ನಾಲ್ಕೈದು ವರ್ಷ ಬಾಯಲ್ಲಿ ಮಾತ್ರ ಕೇಳಿದ್ದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

"ಖರೆನೇ ಆಗಿತ್ತು ನೋಡು," ಎಂದಳು ಅಕ್ಕ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

ಆಕಳುಗಳನ್ನು ಒಂದೊಂದಾಗಿ ಇಳಿಸಿದರು. ಸುಣ್ಣ ಹಾಕಿದರು. ಜನ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು. ಕಾಕಾನ ಕೆಂದ ಆಕಳೂ ಅವುಗಳಲ್ಲಿತ್ತು. ಯಾವಳೋ ಒಬ್ಬಳು ಹಿಂದಿನಿಂದ ಅಂದಳು: "ನೆಲಾ ಛಲೋ ಮಾಡ್ತೀನಿ ಅಂದಿದ್ಲು. ಗೊಬ್ಬರಕ್ಕ ದನಾನೇ ಕೊಟ್ಲು ನೋಡ್ರಿ." ಯಾರೂ ಸುಮ್ಮನಿರು ಅನ್ನಲಿಲ್ಲ.

ಬೇನೆ ಇಳಿದ ಮೇಲೆ ಊರ ಕಟ್ಟೆಯಲ್ಲಿ ಸಭೆ ಕೂಡಿತು. ಹೆಂಗಸರು ನಾವು ಬೇವಿನ ಗಿಡದ ಆಚೆ ಬದಿಗೆ ಕೂತಿದ್ದೆವು. ಯಾರು ಏನು ಕಳೆದುಕೊಂಡರೆಂದು ಹೇಳುತ್ತ ಹೋದರು. ಪಕ್ಕದ ಊರಲ್ಲಿ ಹಿಂಡು ಕೂಡಿಸಿರಲಿಲ್ಲ, ಅಲ್ಲಿಯೂ ಬೇನೆ ಬಂದಿತ್ತು. ನನ್ನ ಗಂಡ ಎದ್ದು ಅದನ್ನು ಹೇಳಿದ. "ಅಲ್ಲಿ ನಮ್ಮಷ್ಟ ಸತ್ತಿಲ್ಲಪ್ಪ" ಎಂದು ಒಬ್ಬ ಅಂದ. ಅದು ಸುಳ್ಳೋ ಖರೆಯೋ ಇವತ್ತಿಗೂ ನನಗೆ ತಿಳಿಯದು. ಸ್ವಂತ ಮನೆ ಉಳಿಸಿಕೊಳ್ಳಲಾರದವಳ ಮಾತು ಕೇಳಿ ನಮ್ಮ ಮನೆ ಹಾಳಾದವು ಎಂದು ಇನ್ನೊಬ್ಬ ಅಂದ. ಆಮೇಲೆ ಎಲ್ಲರೂ ಕಾಕಾನ ಕಡೆ ನೋಡಿದರು. ಎಲ್ಲರಿಗಿಂತ ಹೆಚ್ಚು ಹೋದದ್ದು ಅವನದೇ.

"ನಾವೇನ್ ಓದಿದ ಮಂದಿ ಅಲ್ಲ," ಎಂದ ಅವನು. "ನಮಗ ಹಿಂಡಿನ್ಯಾಗ ಬಿಡ್ರಿ ಅಂದ್ರು, ಬಿಟ್ಟೀವಿ. ಬ್ಯಾಡ ಅಂತ ಯಾರರೇ ಒಂದ್ ಮಾತ ಹೇಳಿದ್ರ ಬಿಡ್ತಿದ್ದಿಲ್ಲ."

ನಾನು ಏಳಬೇಕೆಂದು ನೆಲಕ್ಕೆ ಕೈಯೂರಿದೆ. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು. ಎಷ್ಟು ಜೋರಾಗಿ ಒತ್ತಿದಳೆಂದರೆ ಅವಳ ಬಳೆ ನನ್ನ ಕಾಲಿಗೆ ಚುಚ್ಚಿತು. ಇನ್ನು ಹಿಂಡು ಕೂಡಿಸುವುದಿಲ್ಲ ಎಂದು ಸಭೆಯಲ್ಲಿ ಆಯಿತು. ಮುಳ್ಳಿನ ಬೇಲಿಯನ್ನು ಒಲೆಗೆ ಯಾರು ಬೇಕಾದರೂ ಒಯ್ಯಬಹುದು ಎಂದೂ ಆಯಿತು.

ಮನೆಗೆ ಬಂದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ: "ಯಾಕ ಬಿಡ್ಲಿಲ್ಲ ನನಗ? ನೀವು ಮನ್ಯಾಗ ಕಟ್ರಿ ಅಂದದ್ದು ನಾ ಕಿವಿಯಾರೆ ಕೇಳೀನಿ."

"ಅಂದೆ. ಅಂದು ಮತ್ತ ಹಿಂಡಿನ್ಯಾಗ ಬಿಟ್ಟವ್ರ್ಯಾರು? ನಾನೇ. ಗಂಟಿಗೆ ನನ್ನ ಕೈ ಹತ್ತಿತ್ತು. ಅವ್ರಿಗೆ ಗೊತ್ತಿದ್ದಿಲ್ಲ, ನನಗ ಅರ್ಧ ಗೊತ್ತಿತ್ತು. ಯಾವುದ ಹೆಚ್ಚು ಪಾಪ?"

ಅವಳು ಎಮ್ಮೆಗೆ ಹಾಕಲು ಹೊಟ್ಟು ತರಲು ಎದ್ದಳು.

ಗಾಯರಾಣ ಮೊದಲಿನಂತಾಗಲು ಎರಡು ಬೇಸಿಗೆ ಸಾಕಾಯಿತು. ಬೇಲಿ ಹೋದ ವಾರವೇ ಆಡು, ಉಳಿದ ದನ, ಪಕ್ಕದೂರಿನ ದನ ಎಲ್ಲ ನುಗ್ಗಿದವು. ಸಿಗುವುದನ್ನು ತಮ್ಮ ದನ ಮೊದಲು ತಿನ್ನಲಿ ಎಂದು ಎಲ್ಲರೂ ಇಡೀ ದಿನ ಅಲ್ಲೇ ಬಿಟ್ಟರು. ಒಬ್ಬ ಅಂಚಿನಲ್ಲಿ ನೇಗಿಲು ಹೂಡಿ ತೊಗರಿ ಬಿತ್ತಿದ, ಅವನನ್ನು ನೋಡಿ ಇನ್ನೊಬ್ಬ. ಮತ್ತೊಂದು ಬದಿಯಿಂದ ಮನೆಗೆ ಮಣ್ಣು ಬೇಕೆಂದು ಟ್ರ್ಯಾಕ್ಟರ್ ತುಂಬ ಒಯ್ದರು. ಮೇಲಿನ ಕಪ್ಪು ಮಣ್ಣು ತೆಗೆಯುವುದು ಸುಲಭ, ಸಲಿಕೆಗೆ ಮೆತ್ತಗೆ ಸಿಗುತ್ತಿತ್ತು. ಉಳಿದದ್ದನ್ನು ಗಾಳಿ ಮಳೆ ನೋಡಿಕೊಂಡವು. ಕಟ್ಟಲು ವರ್ಷಗಟ್ಟಲೆ ಹಿಡಿದದ್ದು ಹೋಗುವಾಗ ಸದ್ದೂ ಮಾಡಲಿಲ್ಲ. ಕಳೆದ ಮಳೆಗಾಲದಲ್ಲಿ ಕೆಸರುನೀರು ಮತ್ತೆ ಇಳಿದು ಕಾಕಾನ ಹೊಲವನ್ನು ನಡುವೆಯೇ ಸೀಳಿತು. ಆಳೆತ್ತರದ ಕೊರಕಲು. ಎದೆಮಟ್ಟ ಬಂದ ತೊಗರಿ ಗಿಡಗಳು ಬೇರು ಸಮೇತ ಹಳ್ಳಕ್ಕೆ ಹೋದವು.

ಅದಾದ ಸ್ವಲ್ಪ ದಿನಕ್ಕೆ ಅವನು ನಮ್ಮ ಮನೆಗೆ ಬಂದ. ಸಭೆ ಆದ ಮೇಲೆ ಅವನು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಸಂಜೆಯ ಹೊತ್ತು, ನನ್ನ ಗಂಡ ಪಾಳಿಗೆ ಹೋಗಿದ್ದ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಬರ್ರಿ ಕಾಕಾ, ಕುಂದ್ರಿ," ಎಂದಳು. ಮೊರದಿಂದ ಕಣ್ಣೆತ್ತಲಿಲ್ಲ.

ನಾನು ನೀರು ಕೊಟ್ಟು ಚಹಾಕ್ಕಿಟ್ಟೆ. ಅವನು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕೊರಕಲಿನ ಮಾತಾಡಿದ. ಅದನ್ನು ಮುಚ್ಚಲು ಎಷ್ಟು ಕಲ್ಲು ಬೇಕು, ಮುಚ್ಚಿದರೂ ಮತ್ತೆ ಹೋಗುತ್ತದೆ, ಮೇಲೆ ನೀರು ನಿಂತರೆ ಮಾತ್ರ ಕೆಳಗೆ ಹೊಲ ಉಳಿಯುತ್ತದೆ ಎಂದೆಲ್ಲ. ಚಹಾ ಕುಡಿದು ಕಪ್ಪು ಕೆಳಗಿಟ್ಟ.

"ಮತ್ತ ಕೂಡಸಾಮು ಏನವಾ ಹಿಂಡು? ಈಗ ಸೂಜಿ ಹಾಕಾಕತ್ತಾರ ದನಕ್ಕ. ಬೇನಿ ಬರಂಗಿಲ್ಲ ಅಂತಾರ. ನೀ ಹ್ಞೂ ಅಂದ್ರ ಮಂದೀನ ನಾ ಒಪ್ಪಸ್ತೀನಿ."

ಅಕ್ಕನ ಕೈ ನಿಂತಿತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳ ಮುಖದಲ್ಲಿ ಒಂದು ಕ್ಷಣ ಹಳೆಯದೇನೋ ಬಂತು. ಬೇಲಿ ಎಲ್ಲಿಂದ ಶುರು ಮಾಡುವುದು, ಮೊದಲ ತುಕಡಿ ಯಾವುದು ಎಂದು ಅವಳು ಆಗಲೇ ಲೆಕ್ಕ ಹಾಕುತ್ತಿದ್ದಾಳೆ ಅನಿಸಿತು.

"ಕೂಡಸ್ತೀನ್ರಿ," ಎಂದಳು. "ಒಂದ್ ಕೆಲಸಾ ಮಾಡ್ರಿ. ಆ ದಿನ ಮುಂಜಾನಿ ಬಾವಿ ಬಲ್ಲಿ ನಾ ನಿಮಗ ಏನ ಹೇಳಿದ್ದೆ, ನೀವು ಏನ ಅಂದ್ರಿ, ಅದನ್ನ ಕಟ್ಟಿ ಮ್ಯಾಲ ನಾಕ ಮಂದಿ ಮುಂದ ಹೇಳ್ರಿ. ನಾ ಮಾಡಿದ್ದು ನಾ ಹೇಳ್ತೀನಿ. ನಿಮ್ಮದು ನೀವ ಹೇಳ್ರಿ. ನಾಳಿನೇ ಕೂಡಸ್ತೀನಿ."

ಕಾಕಾ ಅವಳನ್ನೇ ನೋಡಿದ. ಮುದುಕನ ದವಡೆ ಒಂದೆರಡು ಸಲ ಅಲ್ಲಾಡಿತು. ಅವನು ಟೋಪಿ ಸರಿಮಾಡಿಕೊಂಡ.

"ಹಳೀದ ಯಾಕ ಕೆದಕ್ತೀ ಮಗಳ?"

"ಹಂಗಾದ್ರ ಆಗಂಗಿಲ್ರಿ ಕಾಕಾ."

ಅವನು ಕೋಲು ಊರಿ ಎದ್ದ. ಬಾಗಿಲ ತನಕ ಹೋಗಿ ತಿರುಗಿ ನಿಂತ. "ನನ್ನ ಹೊಲಾ ಹೋಗ್ಲಿಕತ್ಯಾದವಾ," ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಕ್ಕ ಜೋಳ ಕೇರತೊಡಗಿದ್ದಳು. ಅವನು ಹೋದ.

ರಾತ್ರಿ ಉಂಡ ಮೇಲೆ ನಾನು ಅವಳಿಗೆ ಅಂದೆ, ಅವರು ಹೇಳದಿದ್ದರೆ ಏನಾಯಿತು, ಹಿಂಡು ಕೂಡಿಸಬಹುದಿತ್ತಲ್ಲ, ನೆಲವಾದರೂ ಉಳಿಯುತ್ತಿತ್ತು. ಅವಳು ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಆಗಲಿಲ್ಲ.

"ಮತ್ತೊಮ್ಮೆ ಏನರೇ ಬಂದ್ರ, ಮತ್ತ ನಾ ಒಬ್ಬಾಕಿನೇ ನಿಲ್ಲಬೇಕಲ್ಲ ತಂಗಿ. ದನಾ ಎಲ್ಲಾರ್ದು, ನೆಲಾ ಎಲ್ಲಾರ್ದು. ಸಾವ ಬಂದ್ರ ನಂದ ಒಬ್ಬಾಕಿದ?"

ಆ ಚಳಿಗಾಲದಲ್ಲೇ ಎಮ್ಮೆಗಳನ್ನೂ ಕೊಟ್ಟುಬಿಟ್ಟೆವು. ಮೇವು ಕೊಂಡು ಸಾಕುವುದು ಆಗಲಿಲ್ಲ. ಕೊಟ್ಟಿಗೆಯಲ್ಲಿ ಈಗ ನನ್ನ ಗಂಡನ ಬೈಕು ನಿಲ್ಲುತ್ತದೆ, ಮೂಲೆಯಲ್ಲಿ ತೊಗರಿ ಚೀಲಗಳು. ಚಹಾಕ್ಕೆ ಅಂಗಡಿಯ ಪ್ಯಾಕೆಟ್ ಹಾಲು. ಒಂದು ಆಕಳು ತರೋಣವೇ ಎಂದು ಅವನು ಒಮ್ಮೆ ಕೇಳಿದ್ದಕ್ಕೆ ಅಕ್ಕ, ನಾನು ಈ ಮನೆಯಲ್ಲಿ ಇರುವ ತನಕ ಬೇಡ ಅಂದಳು. ಅವನು ಮತ್ತೆ ಕೇಳಲಿಲ್ಲ. ಕಾಕಾ ನಳದ ಹತ್ತಿರ ಎದುರಾದರೆ ಅಕ್ಕ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಂತು ದಾರಿ ಬಿಡುತ್ತಾಳೆ. ಅವನು ತಲೆ ತಗ್ಗಿಸಿ ಹೋಗುತ್ತಾನೆ. ಅವನ ಅರ್ಧ ಹೊಲ ಈಗ ಬೀಳು ಬಿದ್ದಿದೆ.

ನಮ್ಮ ಹೊಲದಲ್ಲಿ ಕೆಲಸ ಇಲ್ಲದಾಗ ಅಕ್ಕನೂ ನಾನೂ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತೇವೆ. ಆ ಕಡೆಯ ಹೊಲಗಳಿಗೆ ಗಾಯರಾಣ ದಾಟಿ ಹೋದರೆ ಹತ್ತಿರ. ಅಕ್ಕ ಆ ದಾರಿ ಹಿಡಿಯುವುದಿಲ್ಲ. ಡಾಂಬರು ರಸ್ತೆಯ ಮೇಲೆ, ಸಿಮೆಂಟ್ ಲಾರಿಗಳ ಪಕ್ಕದಲ್ಲಿ, ಊರು ಸುತ್ತಿ ಹೋಗುತ್ತಾಳೆ. ಉಳಿದ ಹೆಂಗಸರು ಅಡ್ಡದಾರಿಯಲ್ಲಿ ನಡೆದು ನಮಗಿಂತ ಮೊದಲೇ ಮುಟ್ಟಿ, ಒಂದು ಸಾಲು ಮುಗಿಸಿರುತ್ತಾರೆ. ನಾನು ಅಕ್ಕನ ಜೊತೆಗೇ ಹೋಗುತ್ತೇನೆ. ಬಿಸಿಲು ಏರುವುದರೊಳಗೆ ಮುಟ್ಟಬೇಕಾದರೆ ನಾವಿಬ್ಬರೂ ಎಲ್ಲರಿಗಿಂತ ಮೊದಲು ಮನೆ ಬಿಡಬೇಕು.